ಕಂಬದೊಳಗಿನ ಕಪ್ಪು ಫೋಮು

ಮಗಳ ಹೊಸ ಕಾರಿನ ಬಾಗಿಲನ್ನು ಮೊದಲ ಸಲ ಹಾಕಿದಾಗಲೇ ನನಗೆ ಅನುಮಾನ ಬಂದಿತ್ತು. ಹೊಸದೆಂದರೆ ನಮಗೆ ಹೊಸದು, ಮಂಗಳೂರಿನಲ್ಲಿ ಯಾರೋ ಮೂರು ವರ್ಷ ಓಡಿಸಿ ಮಾರಿದ್ದು. ಜೀಪಿನ ಬಾಗಿಲು ಹಾಕುವ ಜೋರಿನಲ್ಲಿ ತಳ್ಳಿದೆ. ಅದು ಪಟಾರನೆ ಬಡಿದುಕೊಂಡ ಸದ್ದಿಗೆ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಬಾನೆಟ್ ಮೇಲೆ ಹೆಬ್ಬೆರಳು ಒತ್ತಿದೆ. ತಗಡು ಒಳಗೆ ಹೋಗಿ ಹೊರಗೆ ಬಂತು.

“ಇದೆಂತ ಕಾರು ಮಾರಾಯ್ತಿ, ಬಿಸ್ಕತ್ತಿನ ಡಬ್ಬ ಇದ್ದಂಗಿದೆ” ಎಂದೆ.

ಮಗಳು ನಕ್ಕಳು. ಕಾರನ್ನು ಮಂಗಳೂರಿನಿಂದ ಓಡಿಸಿಕೊಂಡು ಬಂದಿದ್ದ ಅಳಿಯ ನಗಲಿಲ್ಲ. ಅವನು ನಗದೇ ಇದ್ದದ್ದನ್ನು ನಾನು ಗಮನಿಸಿ ಇಟ್ಟುಕೊಂಡೆ.

ಹುಟ್ಟುವಾಗಲೇ ನಾನು ಹೀಗಿರಲಿಲ್ಲ, ಕೆಲಸ ಹೀಗೆ ಮಾಡಿತು. ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು, ಗೋದಾಮಿನ ಬೀಗದ ಕೈ ಇಟ್ಟುಕೊಳ್ಳುವುದು ನನ್ನ ಕೆಲಸ. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಬಂದರೆ ಮೇಲಿನ ಬೀಜ ನೋಡಿ ತೃಪ್ತಿಪಡುವವನು ರೈಟರೇ ಅಲ್ಲ. ಮೂಟೆಯ ಹೊಟ್ಟೆಗೆ ಚುಚ್ಚಿ ಒಳಗಿನ ಬೀಜ ಎಳೆದು ತೆಗೆಯಲು ಮೊನೆಯಿರುವ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಅದನ್ನು ಮೂರು ಕಡೆ ಚುಚ್ಚಿದ ಮೇಲೆಯೇ ನಾನು ಮೂಟೆಯನ್ನು ಒಳಗೆ ಬಿಡುತ್ತಿದ್ದದ್ದು. ಮೇಲೆ ಬೆಳ್ಳಗೆ ಫಳಫಳ ಹೊಳೆಯುವ ಬೀಜ, ನಡುವೆ ಮುಗ್ಗಲು ಹಿಡಿದದ್ದು, ತಳದಲ್ಲಿ ಕಲ್ಲು. ಎಲ್ಲವನ್ನೂ ನೋಡಿದ್ದೇನೆ. ಕೆಲಸ ಬಿಟ್ಟು ಮೂಡಿಗೆರೆಯ ಹತ್ತಿರ ನಮ್ಮದೇ ಚೂರು ತೋಟಕ್ಕೆ ಬಂದು ಕೂತ ಮೇಲೂ ಆ ಕೊಳವೆ ನನ್ನ ಮೇಜಿನ ಡ್ರಾಯರಿನಲ್ಲಿ ಇತ್ತು.

ಮಗಳು ಪಶು ಡಾಕ್ಟರು. ಕಳಸದ ದಾರಿಯಲ್ಲಿ ಅವಳ ಆಸ್ಪತ್ರೆ. ಹಸು ಕರು ಹಾಕಲು ಕಷ್ಟಪಡುತ್ತಿದೆ ಎಂದು ಫೋನ್ ಬಂದರೆ ಅವಳು ಊಟದ ತಟ್ಟೆ ಬಿಟ್ಟು ಹೊರಡುವವಳು. ನಮ್ಮ ದಾರಿಗಳು ಹೇಗಿವೆ ಎಂದು ನಾನು ಹೇಳಬೇಕಾಗಿಲ್ಲ. ಒಂದು ಕಡೆ ಗುಡ್ಡ ಕಡಿದ ಧರೆ, ಇನ್ನೊಂದು ಕಡೆ ಕಣಿವೆ, ತಿರುವಿನಲ್ಲಿ ಎದುರಿಗೆ ಮರದ ದಿಮ್ಮಿ ಹೊತ್ತ ನಾಟಾ ಲಾರಿ. ವಾರದ ಕೊನೆಯಲ್ಲಂತೂ ಬೆಟ್ಟ ನೋಡಲು ಬಂದವರು ರಸ್ತೆಯೆಲ್ಲ ತಮ್ಮದೇ ಎಂಬಂತೆ ಬಲಕ್ಕೆ ನುಗ್ಗಿ ಬರುತ್ತಾರೆ. ಅವಳ ಕಾರಿನ ಸದ್ದು ಗೇಟಿನ ಹತ್ತಿರ ಕೇಳುವವರೆಗೆ ನನ್ನ ಜೀವ ನನ್ನ ಹತ್ತಿರ ಇರುತ್ತಿರಲಿಲ್ಲ. ಇದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಅಳಿಯನಿಗೆ ಮೂಡಿಗೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮದುವೆಯಾದ ಮೇಲೆ ನಮ್ಮ ಮನೆಯಲ್ಲೇ ಇದ್ದಾನೆ. ಮಾತು ಕಡಿಮೆ. ಮಾತಾಡುವವನ ಸುಳ್ಳನ್ನು ಹಿಡಿಯಬಹುದು, ಮಾತೇ ಆಡದವನನ್ನು ಏನು ಮಾಡುವುದು? ನಾನು ಅವನನ್ನು ನೀವು ತಾವು ಎಂದೇ ಕರೆಯುತ್ತಿದ್ದೆ. ನೋಡಿದವರು ಮಾವನಿಗೆ ಅಳಿಯನೆಂದರೆ ಎಷ್ಟು ಗೌರವ ಎಂದುಕೊಳ್ಳುತ್ತಿದ್ದರು. ಗೌರವ ಅಲ್ಲ, ಅವನನ್ನು ಹೊಸ್ತಿಲಿನ ಆಚೆ ನಿಲ್ಲಿಸುವ ಉಪಾಯ ಅದು.

ಜುಲೈ ಮಳೆಯಲ್ಲಿ ಕಾರಿನ ಡ್ರೈವರ್ ಸೀಟಿನ ಹಿಂದಿನ ಮ್ಯಾಟ್ ಒದ್ದೆಯಾಗಿರುವುದು ಕಣ್ಣಿಗೆ ಬಿತ್ತು. ಮಗಳು ಮೂರು ದಿನದ ತರಬೇತಿಗೆಂದು ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿದ್ದಳು. ಅಳಿಯ ಅಂಗಡಿಯಲ್ಲಿದ್ದ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ನೆಪ ಸಿಕ್ಕಿತು. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ಸೀಟ್‌ಬೆಲ್ಟ್ ನೇತಾಡುವ ಒಂದು ಕಂಬ ಇರುತ್ತದಲ್ಲ, ಅದರ ಬುಡದ ಪ್ಲಾಸ್ಟಿಕ್ ಮುಚ್ಚಳ ಕಿತ್ತೆ. ಒಳಗಿನ ತಗಡಿನಲ್ಲಿ ಒಂದು ತೂತು ಕಂಡಿತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಟೊಳ್ಳು ಇರಬೇಕಾದ ಕಡೆ ಏನೋ ಕಪ್ಪಗೆ ತುಂಬಿಕೊಂಡಿತ್ತು.

ಡ್ರಾಯರಿನಿಂದ ಕೊಳವೆ ತಂದು ಚುಚ್ಚಿದೆ. ಒತ್ತಿ ತಿರುಗಿಸಿ ಎಳೆದರೆ ಸೀದ ಬ್ರೆಡ್ಡಿನಂಥ ಚೂರುಗಳು ಬಂದವು. ಅಂಗೈಯಲ್ಲಿಟ್ಟುಕೊಂಡರೆ ತೂಕವೇ ಇಲ್ಲ. ಊದಿದರೆ ಹಾರಿ ಹೋಗುವಂತಿದ್ದವು.

ನನಗೆ ಆಗ ಎಲ್ಲವೂ ಸ್ಪಷ್ಟವಾಯಿತು. ಈ ಕಾರು ಎಲ್ಲೋ ಗುದ್ದಿಸಿಕೊಂಡು ಬಂದದ್ದು. ಕಂಬ ತುಕ್ಕು ಹಿಡಿದೋ ಮುರಿದೋ ಹೋಗಿದೆ. ಮಾರಿದವನು ಫೋಮ್ ತುಂಬಿ ಮೇಲೆ ಬಣ್ಣ ಬಳಿದಿದ್ದಾನೆ. ಮಗಳು ದಿನಾ ಕೂತು ಓಡಾಡುವ ಸೀಟಿನ ಪಕ್ಕದಲ್ಲಿ ಥರ್ಮಾಕೋಲ್! ಮೆಷಿನ್ನುಗಳ ನಡುವೆಯೇ ಬದುಕುವ ಅಳಿಯನಿಗೆ ಇದು ಗೊತ್ತಾಗಲಿಲ್ಲವೆಂದರೆ ಯಾರು ನಂಬುತ್ತಾರೆ? ಅಂದರೆ ಗೊತ್ತಿದ್ದೂ ತಂದಿದ್ದಾನೆ. ಅವತ್ತು ನಗದೇ ನಿಂತಿದ್ದವನ ಮುಖ ನೆನಪಾಯಿತು.

ಇಬ್ಬರಿಗೂ ಫೋನ್ ಮಾಡಲಿಲ್ಲ. ಕಳ್ಳಮಾಲು ಸಿಕ್ಕಾಗ ಮೊದಲೇ ಬಾಯಿಬಿಟ್ಟರೆ ಕಳ್ಳ ಹುಷಾರಾಗುತ್ತಾನೆ ಎಂಬುದು ನನ್ನ ಗೋದಾಮಿನ ಬುದ್ಧಿ. ಕಾರನ್ನು ನನ್ನ ಹಳೆಯ ಸ್ನೇಹಿತನ ಟಿಂಕರಿಂಗ್ ಶೆಡ್ಡಿಗೆ ತೆಗೆದುಕೊಂಡು ಹೋದೆ.

ಈ ಸ್ನೇಹಿತ ನಮ್ಮ ಸೀಮೆಯ ಅರ್ಧ ಜೀಪುಗಳಿಗೆ ಕಬ್ಬಿಣ ತೊಡಿಸಿದವನು. ನಮ್ಮಲ್ಲಿ ಗಾಡಿ ಕೊಂಡರೆ ಪೂಜೆ ಆದ ಮೇಲೆ ಹೋಗುವ ಜಾಗವೇ ಅವನ ಶೆಡ್ಡು. ಮುಂದೆ ಒಂದು ಗಾರ್ಡು, ತಳಕ್ಕೆ ಒಂದು ಪ್ಲೇಟು, ಮೂಲೆ ಮೂಲೆಗೆ ಆಂಗಲ್. ಭಾರ ಹೆಚ್ಚಿದಷ್ಟೂ ಗಾಡಿ ಗಟ್ಟಿ ಎಂದು ಅವನೂ ನಂಬಿದ್ದ, ನಾವೂ ನಂಬಿದ್ದೆವು. ಅವನು ಕಪ್ಪು ಚೂರನ್ನು ಮೂಸಿ ನೋಡಿದ, ಉಗುರಿನಲ್ಲಿ ಕೆರೆದ.

“ನಾ ಇಂಥದ್ದು ನೋಡಿಲ್ಲ ಮಾರಾಯ” ಎಂದ. “ಆದ್ರೆ ಕಂಬದೊಳಗೆ ಸ್ಪಂಜು ತುಂಬೋದು ಎಂಥಕ್ಕೆ? ಮೋಸದ ಕೆಲ್ಸವೇ ಇರ್ಬೇಕು.”

“ಕಿತ್ತು ಹಾಕಿ ಒಳ್ಳೆ ಆಂಗಲ್ ಕೂರ್ಸು” ಎಂದೆ.

ಅವನು ಗ್ರೈಂಡರಿನ ವೈರು ಬಿಡಿಸುತ್ತಾ ಕೇಳಿದ, “ಅಳಿಯನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲ?”

“ಅವರನ್ನ ಕೇಳೋ ಹಂಗಿದ್ರೆ ನಿನ್ ಹತ್ರ ಯಾಕೆ ಬರ್ತಿದ್ದೆ?”

ಗ್ರೈಂಡರಿನಲ್ಲಿ ಕಂಬದ ಬುಡಕ್ಕೆ ಅಂಗೈ ಅಗಲದ ಕಿಂಡಿ ಕೊಯ್ದ. ತಗಡು ಕೊಯ್ಯಲು ಬ್ಲೇಡ್ ಎರಡು ಸಲ ಬದಲಾಯಿಸಬೇಕಾಯಿತು. ಇಷ್ಟು ತೆಳ್ಳಗಿನ ತಗಡು ಇಷ್ಟು ಗಟ್ಟಿ ಯಾಕಿದೆ ಎಂದು ಅವನು ಗೊಣಗಿದ. ಆಗಲಾದರೂ ನಾನು ನಿಲ್ಲಿಸಬಹುದಿತ್ತು. ಫೋಮು ಸುಲಭಕ್ಕೆ ಬರಲಿಲ್ಲ, ತಗಡಿಗೆ ಕಚ್ಚಿಕೊಂಡಿತ್ತು. ಉಳಿಯಲ್ಲಿ ಹೊಡೆದು ಹೊಡೆದು ತೆಗೆಯುವಾಗ ಅದರ ಒಳಗಿಂದ ಒಂದು ಪ್ಲಾಸ್ಟಿಕ್ ಅಚ್ಚೂ ಹೊರಬಂತು, ಗೂಡುಗೂಡಿನಂತೆ. ಅದರ ಮೇಲೆ ಏನೋ ಅಂಕಿಗಳಿದ್ದವು. ನಾನು ಅದನ್ನು ಕಸದ ರಾಶಿಗೆ ಎಸೆದೆ. ಆಮೇಲೆ ಅಲ್ಲಿ ಒಳ್ಳೆಯ ಕಬ್ಬಿಣದ ಆಂಗಲ್ ಕೂತಿತು. ವೆಲ್ಡಿಂಗಿನ ನೀಲಿ ಬೆಳಕು ನೋಡುತ್ತಾ ನನ್ನ ಎದೆ ಹಗುರಾಯಿತು. ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಪ್ಲಾಸ್ಟಿಕ್ ಮುಚ್ಚಳ ಹಾಕಿದ ಮೇಲೆ ಹೊರಗಿಂದ ಏನೂ ಗೊತ್ತಾಗುತ್ತಿರಲಿಲ್ಲ.

ಮಗಳು ಬಂದಳು, ಮಾರನೆಯ ದಿನದಿಂದ ಕಾರಿನಲ್ಲಿ ಹೋಗತೊಡಗಿದಳು. ಅಳಿಯ ತಾನಾಗಿಯೇ ಸಿಕ್ಕಿಬೀಳಲಿ ಎಂದು ನಾನು ಹಲ್ಲು ಕಚ್ಚಿ ಕಾದೆ. ಅಳಿಯನ ಮುಖ ನೋಡುತ್ತಿದ್ದೆ, ಅವನು ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಾನೆ ಎಂದು ಕಿವಿ ಕೊಡುತ್ತಿದ್ದೆ. ಅವನು ಕಾರಿನ ಹತ್ತಿರ ಹೋದರೆ ಕಿಟಕಿಯ ಹಿಂದೆ ನಾನು. ಹನ್ನೊಂದು ದಿನ ಹೀಗೆ ಕಳೆಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಾಗ, ಕಡುಬು ತಿನ್ನುತ್ತಾ ಕೂತಿದ್ದ ಅವನ ತಟ್ಟೆಯ ಪಕ್ಕ ನಾನು ಎತ್ತಿಟ್ಟಿದ್ದ ಫೋಮಿನ ಚೂರುಗಳನ್ನು ಇಟ್ಟೆ.

“ಇದು ಎಂತದು ಅಂತ ನೀವೇ ಹೇಳಿಬಿಡಿ” ಎಂದೆ.

ಅವನು ಚೂರನ್ನು ಬೆಳಕಿಗೆ ಹಿಡಿದು ನೋಡಿದ. ಎಲ್ಲಿ ಸಿಕ್ಕಿತು ಎಂದು ಕೇಳಿದ. ಹೇಳಿದೆ, ಕೊಯ್ಯಿಸಿದ್ದನ್ನೂ ಹೇಳಿದೆ, ಜೋರಾಗಿಯೇ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದ ಎಂದುಕೊಂಡೆ. ಅವನು ಎದ್ದು ಕೈ ತೊಳೆದು ಹೋಗಿ ಕಾರಿನ ಕೀ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

ಮಗಳಿಗೆ, “ಇವತ್ತು ಬಸ್ಸಲ್ಲಿ ಹೋಗು, ಕಾರು ಸ್ವಲ್ಪ ತೋರ್ಸಬೇಕು” ಎಂದಷ್ಟೇ ಹೇಳಿದ. ನನಗೆ, “ಮಾವ, ನೀವೂ ಬನ್ನಿ” ಎಂದ.

ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿಗೆ ಹೋದೆವು. ದಾರಿಯುದ್ದಕ್ಕೂ ಅವನು ನಿಧಾನವಾಗಿ, ಎದುರಿನ ಪ್ರತಿ ಗಾಡಿಗೂ ಅಂಚಿಗೆ ಸರಿದು ಓಡಿಸಿದ. ಇವನಿಗೂ ಅಲ್ಲಿನವರಿಗೂ ಒಳಒಪ್ಪಂದ ಇರಬಹುದು ಎಂದು ನಾನು ಯೋಚಿಸುತ್ತಿದ್ದೆ. ವರ್ಕ್‌ಶಾಪಿನಲ್ಲಿ ಇದೇ ಮಾದರಿಯ ಇನ್ನೊಂದು ಕಾರು ನಿಂತಿತ್ತು, ಬದಿಗೆ ಲಾರಿ ಗುದ್ದಿದ್ದು. ಹೊಸ ಕಂಬ ಹಾಕಲು ಹಳೆಯದನ್ನು ಅಡ್ಡಕ್ಕೆ ಕೊಯ್ದು ಇಟ್ಟಿದ್ದರು. ಅದರ ಹೊಟ್ಟೆಯಲ್ಲಿ ಅದೇ ಕಪ್ಪು ಫೋಮು, ನಡುವೆ ಅದೇ ಗೂಡುಗೂಡಿನ ಅಚ್ಚು, ಅದರ ಮೇಲೆ ಅಂಕಿಗಳು.

ಅಲ್ಲಿನ ಮೆಕ್ಯಾನಿಕ್ ನನ್ನನ್ನು ಕೂರಿಸಿ ಹೇಳಿದ. ಬಾಡಿ ಕಟ್ಟುವಾಗಲೇ ಇದನ್ನು ಒಳಗೆ ಇಟ್ಟಿರುತ್ತಾರಂತೆ. ಬಣ್ಣ ಒಣಗಿಸುವ ಒಲೆಯ ಬಿಸಿಗೆ ಅದು ಉಬ್ಬಿ, ತಗಡಿಗೆ ಅಂಟಿ, ಗಟ್ಟಿಯಾಗುತ್ತದಂತೆ.

“ಖಾಲಿ ನೀರಿನ ಬಾಟ್ಲಿ ಹಿಂಡಿದ್ರೆ ಮಡಚ್ಕೊಳ್ತದಲ್ಲ ಸಾರ್? ತುಂಬಿದ್ದನ್ನ ಹಿಂಡಿ ನೋಡಿ. ಇದೂ ಹಂಗೇ. ತೂಕ ಇಲ್ಲ, ಆದ್ರೆ ಗುದ್ದಿದಾಗ ಕಂಬ ಮಡಚೋಕೆ ಬಿಡಲ್ಲ. ಈ ಕಾರಿಗೆ ಅಷ್ಟು ದೊಡ್ಡ ಲಾರಿ ಬಂದು ಹೊಡೆದ್ರೂ ಕಂಬ ಸೀಟಿನ ಹತ್ರ ಬಂದಿಲ್ಲ, ನೋಡಿ.”

ನೋಡಿದೆ. ಬಾಗಿಲು ಜಜ್ಜಿಹೋಗಿತ್ತು. ಕಂಬ ಬಗ್ಗಿತ್ತು, ಮಡಚಿರಲಿಲ್ಲ.

ಆಮೇಲೆ ಅವನು ನಮ್ಮ ಕಾರಿನ ಮುಚ್ಚಳ ತೆಗೆದ. ನನ್ನ ಆಂಗಲನ್ನು ಬೆರಳಿನಿಂದ ಮುಟ್ಟಿ, “ಯಾರ್ ಸಾರ್ ಇದನ್ನ ಮಾಡಿದ್ದು?” ಎಂದು ಕೇಳಿದ. ವೆಲ್ಡಿಂಗಿನ ಬಿಸಿಗೆ ಸುತ್ತಲಿನ ಗಟ್ಟಿ ಉಕ್ಕು ಮೆತ್ತಗಾಗಿದೆ, ಗುದ್ದಿದರೆ ಕಂಬ ಮೊದಲು ಇಲ್ಲಿಯೇ ಮಡಚುತ್ತದೆ, ಈ ಬದಿಯ ಕಂಬ ಪೂರ್ತಿ ಹೊಸದು ಹಾಕುವವರೆಗೆ ಇದನ್ನು ಓಡಿಸಬೇಡಿ ಎಂದ. ನೀರು ಬರುತ್ತಿದ್ದದ್ದು ಬಾಗಿಲ ರಬ್ಬರಿನ ಹರುಕಿನಿಂದ. ಹನ್ನೊಂದು ದಿನದಲ್ಲಿ ಅವಳು ದಾಟಿದ ತಿರುವುಗಳೆಲ್ಲ ಒಂದೊಂದಾಗಿ ಕಣ್ಣೆದುರು ಬಂದವು. ಅಷ್ಟು ಹೆದರಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಕಾರು ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು. ಅಳಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ, “ಮಾವ, ಅವಳಿಗೆ ನಾನೇ ಕೊಯ್ಸಿದ್ದು ಅಂತ ಹೇಳ್ತೀನಿ. ನನ್ನ ಬೈದು ಎರಡು ದಿನಕ್ಕೆ ಮರೀತಾಳೆ. ನಿಮ್ಮ ಮೇಲೆ ಬೇಜಾರಾದ್ರೆ ಅವಳಿಗೆ ತಡೆಯೋಕೆ ಆಗಲ್ಲ.”

ನಾಚಿಕೆಯಿಲ್ಲದೆ ಬರೆಯುತ್ತೇನೆ. ಆಗಲೂ ನನಗೆ ಮೊದಲು ಹೊಳೆದದ್ದು, ಇದರಿಂದ ಇವನಿಗೇನು ಲಾಭ ಎಂದೇ.

ನಾವು ಬರುವಷ್ಟರಲ್ಲಿ ಮಗಳು ಬಂದಿದ್ದಳು, ಹಿತ್ತಲಿನ ನಲ್ಲಿಯ ಹತ್ತಿರ ಗಮ್ ಬೂಟು ತೊಳೆಯುತ್ತಿದ್ದಳು. “ಕಾರಿಗೆ ಎಂತ ಆಗಿದೆ?” ಎಂದಳು.

“ಕಂಬದಲ್ಲಿ ಸ್ವಲ್ಪ ಕೆಲ್ಸ ಇದೆ” ಎಂದು ಅಳಿಯ ಶುರುಮಾಡಿದ. “ಮೊನ್ನೆ ನಾನೇ ಒಂದು ವೆಲ್ಡಿಂಗ್...”

“ನಾನು” ಎಂದೆ. “ಅವರಲ್ಲ, ನಾನು ಮಾಡ್ಸಿದ್ದು.”

ಎಲ್ಲ ಹೇಳಿದೆ. ಅವಳು ನಲ್ಲಿ ನಿಲ್ಲಿಸಿ ಕೇಳಿದಳು. ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಿದ್ದರೆ ಒಳ್ಳೆಯದಿತ್ತು.

“ಒಂದು ಮಾತು ಕೇಳ್ಬಾರ್ದಿತ್ತಾ ಅಪ್ಪ?”

“ಇವರಿಗೆ ಯಾರೋ ಟೋಪಿ ಹಾಕಿದಾರೆ, ಇಲ್ಲಾ ಇವರೇ... ಏನೋ ಅನುಮಾನ ಬಂತು ಮಗ. ಕಾರು ತಂದಿದ್ದು ಇವರಲ್ವಾ.”

“ಇವ್ರು ಮಂಗಳೂರಿಂದ ಓಡಿಸ್ಕೊಂಡು ಬಂದ್ರು, ಅಷ್ಟೆ” ಎಂದಳು. “ಆರಿಸಿದ್ದು ನಾನು. ಎರಡು ತಿಂಗಳು ಓದಿದೀನಿ. ಬದಿಗೆ ಗುದ್ದಿಸಿ ಪರೀಕ್ಷೆ ಮಾಡಿದ್ರಲ್ಲಿ ಯಾವ ಕಾರು ತಡ್ಕೊಂಡಿದೆ ಅಂತ ಹುಡುಕಿದೀನಿ. ಕಳಸದ ದಾರಿಯಲ್ಲಿ ದಿನಾ ಹೋಗೋಳು ನಾನಲ್ವಾ? ಆ ಕಂಬ ಗಟ್ಟಿ ಇದೆ ಅಂತಲೇ ಇದನ್ನ ತಗೊಂಡಿದ್ದು ಅಪ್ಪ.”

ಅಳಿಯ ಬೂಟು ಎತ್ತಿಕೊಂಡು ಒಳಗೆ ಹೋದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅವನ ಹಿಂದೆ ಹೋದಳು. ನಾನು ಹಿತ್ತಲಿನಲ್ಲೇ ನಿಂತಿದ್ದೆ. ಮಾರಿದವನನ್ನು ಅನುಮಾನಿಸಿದ್ದೆ, ತಗಡನ್ನು ಅನುಮಾನಿಸಿದ್ದೆ, ಅಳಿಯನನ್ನು ಕಿಟಕಿಯ ಹಿಂದೆ ನಿಂತು ಅನುಮಾನಿಸಿದ್ದೆ. ಆ ಕಾರನ್ನು ಯೋಚನೆ ಮಾಡಿ ಆರಿಸಿದವಳು ನನ್ನ ಮಗಳೇ ಇರಬಹುದು ಎಂದು ಮಾತ್ರ ನನಗೆ ಒಂದು ಸಲವೂ ಅನ್ನಿಸಿರಲಿಲ್ಲ.