ನಿಕ್ಕಲಿನಿಂದ ಹಾಡು ಬಿಡಿಸುವಾಕೆ

ಲೋರೈನ್ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸರೋವರದ ಕಡೆಯ ಗಾಳಿ ಗ್ರಾಮಫೋನ್ ರೆಕಾರ್ಡು ಕಾರ್ಖಾನೆಯ ತಗಡಿನ ಬಾಗಿಲನ್ನು ಬಡಿಯುತ್ತಿದೆ. ಒಳಗೆ ಡಾರ್ಲೀನ್ ಹ್ರುಸ್ಕಾ ಒಂದಕ್ಕೊಂದು ಅಂಟಿಕೊಂಡ ಎರಡು ನಿಕ್ಕಲ್ ತಟ್ಟೆಗಳ ಅಂಚಿಗೆ ತೆಳ್ಳನೆಯ ಅಲಗು ತೂರಿಸಿ, ಕಿವಿ ಕೊಟ್ಟು ನಿಂತಿದ್ದಾರೆ.

ಕೆಳಗಿನದು ತಂದೆ ತಟ್ಟೆ. ಅದರ ಮೇಲೆ ಹಾಡು ಉಬ್ಬುಗೆರೆಗಳಾಗಿ ನಿಂತಿರುತ್ತದೆ. ಅದನ್ನು ರಾಸಾಯನಿಕದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಮೇಲೆ ಹೊಸ ನಿಕ್ಕಲ್ ಬೆಳೆಯುತ್ತದೆ. ಅದು ತಾಯಿ ತಟ್ಟೆ. ಅದರಿಂದ ಅಚ್ಚು, ಅಚ್ಚಿನಿಂದ ಅಂಗಡಿಗೆ ಹೋಗುವ ರೆಕಾರ್ಡು. ಅಂಟಿದ ತಂದೆ ತಾಯಿ ತಟ್ಟೆಗಳನ್ನು ಕೈಯಲ್ಲೇ ಬಿಡಿಸಬೇಕು. ಮೂವತ್ತೊಂದು ವರ್ಷಗಳಿಂದ ಡಾರ್ಲೀನ್ ಮಾಡುತ್ತಿರುವ ಕೆಲಸ ಇದು. ಪಾಳಿಗೆ ಹತ್ತು ಹನ್ನೆರಡು ತಟ್ಟೆ.

ಇವತ್ತಿನದು ಹಾಗಲ್ಲ. ಇದೇ ಊರಿನ ರಾಕ್ ತಂಡ 'ಇಂಗಟ್ ರೋಡ್'ನ ಮತ್ತೆ ಅಚ್ಚಾಗಲಿರುವ ಮೊದಲ ಆಲ್ಬಮ್ಮಿನ ಎರಡನೇ ಬದಿ. ಧ್ವನಿ ಮುದ್ರಿಸಿದ ಮೂಲ ಟೇಪು ನೆರೆಯಲ್ಲಿ ಹಾಳಾಗಿದೆ. ಉಳಿದ ಹಳೆಯ ರೆಕಾರ್ಡುಗಳೆಲ್ಲ ಗೀರುಬಿದ್ದವು. ಹಾಡುಗಾರ ರೇ ಸಾಬೊ ತೀರಿಕೊಂಡ ಮೇಲೆ ಅವನ ತಂಗಿಯ ಗ್ಯಾರೇಜಿನಲ್ಲಿ ಸಿಕ್ಕ ಈ ತಂದೆ ತಟ್ಟೆಯ ಅಂಚು ಬಿರುಕು ಬಿಟ್ಟಿದೆ. ಇನ್ನೊಮ್ಮೆ ತೊಟ್ಟಿಗಿಳಿಸಿದರೆ ಅದು ಉಳಿಯುವುದಿಲ್ಲ.

ತಂಡದ ಡ್ರಮ್ಮರ್ ಡ್ವೇನ್ ಪ್ಯಾಟರ್ ಕಾಫಿ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದಾರೆ. ಎದೆಯೇ ಡ್ರಮ್ ಬಾರಿಸುತ್ತಿದೆ, ತಾಳ ಮಾತ್ರ ತಪ್ಪುತ್ತಿದೆ ಎನ್ನುತ್ತಾರೆ.

"ಅದೇನು ಹೊಸದಾ, ಮುದುಕಪ್ಪ?" ಡಾರ್ಲೀನ್ ತಲೆ ಎತ್ತುವುದಿಲ್ಲ. "ಕಾರ್ಮಿಕರ ಯೂನಿಯನ್ ಹಾಲ್‌ನಲ್ಲಿ ನಿನ್ನ ತಾಳಕ್ಕೆ ಕುಣಿದು ನನ್ನ ಕಾಲು ಉಳುಕಿತ್ತು."

ಅಲಗು ಒಂದು ಗೇಣು ಸರಾಗವಾಗಿ ಸಾಗಿ ನಿಲ್ಲುತ್ತದೆ. ಡಾರ್ಲೀನ್ ಕೈ ಹಿಂದೆಗೆಯುತ್ತಾರೆ. ಡ್ವೇನ್ ಕಾಫಿ ಕೆಳಗಿಡುತ್ತಾರೆ.

ಹೊಸ ನಿಕ್ಕಲ್ ಹಳೆಯದಕ್ಕೆ ಬೆಸೆಯದಂತೆ ತಂದೆ ತಟ್ಟೆಯನ್ನು ಮೊದಲು ಒಂದು ದ್ರಾವಣದಲ್ಲಿ ಅದ್ದುವುದು ಕ್ರಮ. ಚಿಮಟ ಹಿಡಿದ ಜಾಗಕ್ಕೆ ದ್ರಾವಣ ತಾಗದ ಕಾರಣ, ಚಿಮಟವನ್ನು ಬೇರೆ ಕಡೆ ಹಿಡಿದು ಎರಡನೇ ಸಲ ಅದ್ದುತ್ತಾರೆ. ಈ ಸಲ ಬೇರೆ ಕಡೆ ಎಂದರೆ ಬಿರುಕಿನ ಕಡೆ. ಅಲ್ಲಿ ಹಿಡಿದರೆ ತಟ್ಟೆ ಸೀಳಬಹುದೆಂದು ಡಾರ್ಲೀನ್ ಒಂದೇ ಸಲ ಅದ್ದಿದ್ದರು.

"ಹೆಬ್ಬೆರಳಿನಷ್ಟು ಜಾಗ ಬೆಸ್ಕೊಂಡಿದೆ. ನಂದೇ ಲೆಕ್ಕ ತಪ್ಪಿದ್ದು. ಈಗ ಎಳೆದ್ರೆ ಹರಕು ಒಳಗಿನ ಹಾಡುಗಳವರೆಗೂ ಓಡುತ್ತೆ," ಎನ್ನುತ್ತಾರೆ.

ಉಕ್ಕಿನ ಕಾರ್ಖಾನೆ ಮುಚ್ಚಿ ಗಂಡ ಮನೆಯಲ್ಲಿ ಕೂತ ವರ್ಷ ಅವರು ಈ ಕೆಲಸಕ್ಕೆ ಸೇರಿದ್ದು. ನಿಕ್ಕಲ್ ಮೈಗೆ ಒಗ್ಗಲಿಲ್ಲ. ಬೆರಳ ಸಂದುಗಳು ಚಳಿಗಾಲವಿಡೀ ಒಡೆದಿರುತ್ತವೆ. ದಪ್ಪ ಕೈಗವಸು ಹಾಕಿದರೆ ಲೋಹದ ಮಿಡಿತ ತಿಳಿಯುವುದಿಲ್ಲವೆಂದು ಬಿಡಿಸುವಾಗ ಬರಿಗೈ. ಆ ಕೈಗಳು ಈಗ ತಟ್ಟೆಯನ್ನು ತಿರುಗಿಸುತ್ತವೆ. ಬೆಸೆದ ಜಾಗದ ಎದುರು ಅಂಚಿನಿಂದ ಮತ್ತೆ ಶುರು. ಬೆಸುಗೆಯನ್ನು ಕೊನೆಗೆ ಉಳಿಸಿಕೊಂಡರೆ ಹರಕು ಹೊರಗಿನ ಅಂಚಿನತ್ತ ಹೋಗುತ್ತದೆ ಎಂಬುದು ಅವರ ಎಣಿಕೆ.

ತಟ್ಟೆಯ ನಡುವಿಗಿರುವ ಕೊನೆಯ ಹಾಡು ಬಿಡುತ್ತದೆ. ಅದರಾಚೆಯ ಎರಡು ಬಿಡುತ್ತವೆ. ಉಳಿದದ್ದು ಹೊರ ಅಂಚಿನ ಮೊದಲ ಹಾಡು. ಡ್ವೇನ್ ಗೋಡೆಯ ಕಡೆ ಮುಖ ತಿರುಗಿಸಿದ್ದಾರೆ. ಟಣ್ ಎಂಬ ಸಣ್ಣ ಸದ್ದು. ತಟ್ಟೆಗಳು ಬೇರೆಯಾಗುತ್ತವೆ.

ಡಾರ್ಲೀನ್ ಹೊಸ ತಟ್ಟೆಯನ್ನು ದೀಪದಡಿ ತಿರುಗಿಸಿ ನೋಡುತ್ತಾರೆ. ಅಂಚಿನಲ್ಲಿ ಉಗುರಿನಷ್ಟು ಗಾಯ.

"ರೇ ದನಿ ಪೂರ್ತಿ ಇದೆ," ಎನ್ನುತ್ತಾರೆ. "ಹೋಗಿದ್ದು ನಿಂದು. ಮೊದಲನೇ ಹಾಡು ಶುರುವಾಗೋಕೆ ನೀನು ಕೋಲು ತಟ್ಟಿ ಲೆಕ್ಕ ಕೊಡ್ತೀಯಲ್ಲ, ಅಲ್ಲಿ ಪ್ರತಿ ಸುತ್ತಿಗೂ ಒಂದು ಚಿಟ್ ಸದ್ದು ಬರುತ್ತೆ."

ಡ್ವೇನ್ ಹತ್ತಿರ ಬಂದು ತಟ್ಟೆಯ ಮೇಲೆ ಬಗ್ಗಿ ನೋಡುತ್ತಾರೆ. ಆಮೇಲೆ, ಆ ಚಿಟ್ ಹಾಗೇ ಇರಲಿ, ಅದು ಡಾರ್ಲೀನ್ ಹಾಕಿದ ರುಜು ಎಂದುಕೊಳ್ಳುತ್ತೇವೆ ಎನ್ನುತ್ತಾರೆ. ಡಾರ್ಲೀನ್ ಒಪ್ಪುವುದಿಲ್ಲ. ರಾತ್ರಿ ಪಾಳಿ ಮುಗಿದಿದೆ, ಆದರೂ ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಎಳೆದುಕೊಳ್ಳುತ್ತಾರೆ. ಹರಿದ ಗೆರೆಗಳನ್ನು ಒಂದೊಂದಾಗಿ ಸೂಜಿಮೊನೆಯಿಂದ ನಯಗೊಳಿಸಬೇಕು. ಹೋದ ಹೊಡೆತ ಮರಳಿ ಬಾರದಿದ್ದರೂ ಚಿಟ್ ಅಡಗುತ್ತದೆ.

"ಜನ ರೇಯನ್ನ ಕೇಳ್ಲಿ, ನಿನ್ನ ಕೇಳ್ಲಿ," ಕಣ್ಣನ್ನು ಗಾಜಿಗೊತ್ತಿಕೊಂಡೇ ಹೇಳುತ್ತಾರೆ. "ಮೂವತ್ತೊಂದು ವರ್ಷ ಯಾವ ಹಾಡಲ್ಲೂ ನಾನು ಕೇಳಿಸಿಲ್ಲ. ಇದರಲ್ಲೂ ಕೇಳಿಸಲ್ಲ."