ಗೂಡಿಗೆ ಕೊಟ್ಟ ದಾರ

ಬೀದಿಯವರು ಆಕೆಯನ್ನು ಅಳತೆಯಮ್ಮ ಎನ್ನುತ್ತಿದ್ದರು. ಬಟ್ಟೆ ಹೊಲಿಯುವವಳು; ಟೇಪು ಹಿಡಿಯುವ ಮೊದಲೇ ಎದುರಿಗಿದ್ದವರ ಸೊಂಟ ಎಷ್ಟು, ತೋಳು ಎಷ್ಟು ಎಂದು ಕಣ್ಣಲ್ಲೇ ಹೇಳಿಬಿಡುತ್ತಿದ್ದಳು. ಜನರ ಗುಣವನ್ನೂ ಹಾಗೇ ಅಳೆಯುತ್ತಿದ್ದಳು. ಅಲ್ಲಿ ಮಾತ್ರ ಟೇಪು ಹಿಡಿದು ಮತ್ತೊಮ್ಮೆ ನೋಡುವ ಅಭ್ಯಾಸ ಇರಲಿಲ್ಲ.

ಹೊಲಿಗೆ ಮಿಷನ್ನು ನಡುಮನೆಯ ಕಿಟಕಿಗೆ ಒತ್ತಿಕೊಂಡಿತ್ತು. ಹೊರಗೆ ಕಿಟಕಿಯ ಸರಳಿಗೆ ಹಬ್ಬಿದ ಬಳ್ಳಿಯಲ್ಲಿ ಒಂದು ಜೋಡಿ ಪಿಕಳಾರ ಹಕ್ಕಿ ಗೂಡು ಕಟ್ಟಲು ಶುರುಮಾಡಿದಾಗ ಆಕೆಗೆ ಹಿಗ್ಗೋ ಹಿಗ್ಗು. ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದ ದಾರದ ತುಣುಕೊಂದನ್ನು ಹಕ್ಕಿ ಕಚ್ಚಿಕೊಂಡು ಹೋದದ್ದೇ ತಡ, ಇನ್ನಷ್ಟು ಕತ್ತರಿಸಿ ಇಟ್ಟಳು. ಹತ್ತಿಯದಾದರೆ ಬೇಗ ಕೊಳೆಯುತ್ತದೆಂದು, ಜೀನ್ಸ್ ಹೊಲಿಯುವ ಸಾಸಿವೆ ಬಣ್ಣದ ನೈಲಾನ್ ದಾರವನ್ನೇ ಇಟ್ಟಳು. ಜಗ್ಗಿದರೂ ಹರಿಯದ ದಾರ ಅದು. ಹಕ್ಕಿ ಅದನ್ನೂ ಒಯ್ದಿತು. ಬಟ್ಟೆ ಕೊಡಲು ಬಂದವರಿಗೆಲ್ಲ, ಆ ಮನೆಗೆ ಮೆಟೀರಿಯಲ್ ತನ್ನದೇ ಎಂದು ಹೇಳಿ ನಗಿಸಿದಳು.

ಮಹಡಿಯ ಮೇಲೆ ಮೈದುನನ ಸಂಸಾರ. ವಾರಗಿತ್ತಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಗುವಿಗೆ ಐದು ತಿಂಗಳು ತುಂಬುತ್ತಲೇ ಮತ್ತೆ ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಮಗುವನ್ನೂ ಹಿಂಡಿಟ್ಟ ಎದೆಹಾಲಿನ ಬಾಟಲಿಗಳನ್ನೂ ಅಳತೆಯಮ್ಮನ ಕೈಗಿಟ್ಟು ಹೋದರೆ ಬರುವುದು ಸಂಜೆಗೆ. ಅಳತೆಯಮ್ಮ ಮಗುವನ್ನು ಅಂಗೈಯಲ್ಲಿಟ್ಟುಕೊಂಡಂತೆ ನೋಡಿಕೊಂಡಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಇಬ್ಬರು ಮಕ್ಕಳನ್ನೂ ತೊಡೆಯ ಮೇಲೆ ಮಲಗಿಸಿಕೊಂಡೇ ಮಿಷನ್ ತುಳಿದವಳೆಂಬ ಹೆಮ್ಮೆ ಒಳಗೊಳಗೇ ಚುಚ್ಚಿ ಮಾತಾಡಿಸುತ್ತಿತ್ತು. ಗೂಡಿನಲ್ಲಿ ಎರಡು ಮರಿಗಳಾದ ಮೇಲಂತೂ ಒಳ್ಳೆಯ ನೆಪ ಸಿಕ್ಕಿತು. ಆ ತಾಯಿ ಗಳಿಗೆಗೊಮ್ಮೆ ಹುಳ ತರುತ್ತದೆ, ಮಳೆ ಬಂದರೆ ರೆಕ್ಕೆ ಹರಡಿ ಕೂರುತ್ತದೆ, ಅದಕ್ಕೆ ಡ್ಯೂಟಿ ಗೀಟಿ ಏನೂ ಇಲ್ಲ ಎಂದು ಮಗುವಿಗೆ ಹೇಳುವ ಹಾಗೆ ತಾಯಿಗೆ ಹೇಳುತ್ತಿದ್ದಳು. ವಾರಗಿತ್ತಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಮರಿಗಳಾದ ಹದಿಮೂರನೆಯ ದಿನ ಬೆಳಿಗ್ಗೆ ಒಂದು ಮರಿ ಪುಳಕ್ಕನೆ ಹಾರಿ ಪಕ್ಕದ ಮನೆಯ ಗಿಡ ಸೇರಿತು. ಇನ್ನೊಂದು ಗೂಡಿನ ಅಂಚಿನಲ್ಲೇ ಒದ್ದಾಡುತ್ತಿತ್ತು. ತಾಯಿ ಬಾಯಲ್ಲಿ ಹುಳ ಹಿಡಿದು ತಂತಿಯ ಮೇಲೆ ಕೂತು ಕರೆಯುತ್ತಿತ್ತೇ ಹೊರತು ಹತ್ತಿರ ಬರಲೊಲ್ಲದು. ಅಷ್ಟು ಹೊತ್ತಿಗೆ ವಾರಗಿತ್ತಿ ಮಗುವನ್ನು ಎತ್ತಿಕೊಂಡು ಕೆಳಗಿಳಿದಳು.

"ನೋಡೇ, ಇದೂ ನಿನ್ನ ಜಾತಿನೇ. ಹೆತ್ತಿದ್ದನ್ನ ಇನ್ನೊಬ್ಬರ ಕಿಟಕೀಲಿ ಬಿಟ್ಟು ದೂರದಿಂದ ಮುದ್ದು ಮಾಡ್ತಾಳೆ" ಎಂದಳು ಅಳತೆಯಮ್ಮ.

ವಾರಗಿತ್ತಿಯ ಮುಖ ಕಪ್ಪಿಟ್ಟಿತು. ಆದರೂ ಕಿಟಕಿಯತ್ತ ಬಗ್ಗಿ ನೋಡಿದಳು.

"ಅಕ್ಕಾ, ಅದು ಹಾರೋಕೆ ನೋಡ್ತಿದೆ. ಕಾಲಿಗೇನೋ ಸಿಕ್ಕಿಕೊಂಡಿದೆ."

ಅಳತೆಯಮ್ಮ ಸ್ಟೂಲು ಹಾಕಿ ಹತ್ತಿ ನೋಡಿದರೆ, ಸಾಸಿವೆ ಬಣ್ಣದ ದಾರ ಕಡ್ಡಿಯಂಥ ಕಾಲಿಗೆ ಮೂರು ಸುತ್ತು ಬಿಗಿದು, ಇನ್ನೊಂದು ತುದಿ ಗೂಡಿನೊಳಗೆ ಹೆಣೆದುಕೊಂಡಿತ್ತು. ಕಾಲು ಊದಿ ನೀಲಿಗಟ್ಟಿತ್ತು. ಇಪ್ಪತ್ತು ವರ್ಷ ಕತ್ತರಿ ಹಿಡಿದವಳು, ಕಾಲಿಗೂ ದಾರಕ್ಕೂ ನಡುವೆ ಕತ್ತರಿ ಎಲ್ಲಿ ತೂರಿಸುವುದೆಂದು ತಿಳಿಯದೆ ಕೆಳಗಿಳಿದಳು. ಮಗುವನ್ನು ಆಕೆಗೆ ಕೊಟ್ಟು ವಾರಗಿತ್ತಿಯೇ ಸ್ಟೂಲು ಹತ್ತಿದಳು. ಎಳೆ ಮಕ್ಕಳ ನರ ಹುಡುಕಿ ರಕ್ತ ತೆಗೆದು ಪಳಗಿದ ಕೈ. ಮರಿಯನ್ನು ಮೆಲ್ಲಗೆ ಹಿಡಿದು, ಪುಟ್ಟ ಕತ್ತರಿಯ ಮೊನೆಯನ್ನು ದಾರದಡಿ ತೂರಿಸಿ ಒಂದೊಂದೇ ಸುತ್ತು ಬಿಡಿಸಿದಳು. ಬಳ್ಳಿಯ ಮೇಲೆ ಕೂರಿಸಿ ಹಿಂದೆ ಸರಿದದ್ದೇ ತಾಯಿ ಬಂದು ಹುಳ ತಿನ್ನಿಸಿತು. ಮರಿ ಒಂದು ಕಾಲನ್ನು ಊರದೆ ಮೇಲೆತ್ತಿಕೊಂಡೇ ನುಂಗಿತು.

ಈ ದಾರ ಎಲ್ಲಿಂದ ಬಂತೋ ಎಂದಳು ವಾರಗಿತ್ತಿ, ಕತ್ತರಿ ವಾಪಸ್ಸು ಕೊಡುತ್ತ. ಎಲ್ಲಿಂದಲೋ ಕಚ್ಚಿಕೊಂಡು ಬಂದಿರಬೇಕು ಎಂದುಬಿಟ್ಟಳು ಅಳತೆಯಮ್ಮ. 

ಆ ದಿನ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಮಗು ಹಾಲು ಕುಡಿಯುತ್ತ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅದನ್ನೂ ಎದುರಿಸಲಾಗದೆ ಗೋಡೆ ನೋಡಿದಳು. ಮಧ್ಯಾಹ್ನ ಮರಿ ಕುಂಟುತ್ತ, ಹಾರುತ್ತ, ಗಿಡದ ಎಲೆಗಳಲ್ಲಿ ಮರೆಯಾಯಿತು. ಆ ಕಾಲು ಉಳಿಯಿತೋ ಹೋಯಿತೋ ಆಕೆಗೆ ಗೊತ್ತಾಗಲೇ ಇಲ್ಲ.

ಸಂಜೆ ವಾರಗಿತ್ತಿ ಬಾಗಿಲಲ್ಲಿ ನಿಂತಾಗ ತಲೆಯೆತ್ತದೆ ಹೇಳಿದಳು: "ದಾರ ನಾನೇ ಇಟ್ಟಿದ್ದು ಕಣೇ. ಬೆಳಿಗ್ಗೆ ಸುಳ್ಳು ಹೇಳ್ದೆ."

"ಗೊತ್ತಾಯ್ತು ಅಕ್ಕಾ, ಅದೇ ದಾರದ ಉಂಡೆ ಮಿಷನ್ ಮೇಲೇ ಇತ್ತಲ್ಲ." ವಾರಗಿತ್ತಿ ಮಗುವನ್ನು ತೆಗೆದುಕೊಂಡು ಎದೆಗೊತ್ತಿಕೊಂಡಳು. "ದಾರ ನೀವು ಗೊತ್ತಿಲ್ಲದೆ ಇಟ್ರಿ, ಬಿಡಿ. ನನಗೆ ಅಂದಿದ್ದು ಗೊತ್ತಿದ್ದೇ ಅಂದ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಳತೆಯಮ್ಮ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದಳು.

ಇನ್ನು ಮಗುವನ್ನು ಬೇರೆಲ್ಲಾದರೂ ಬಿಟ್ಟಾಳೆಂಬ ಅಂಜಿಕೆಯಲ್ಲಿ ಮರುದಿನ ಮೆಟ್ಟಿಲ ಸದ್ದಿಗೇ ಕಿವಿಯಾಗಿದ್ದಳು. ಎಂದಿನ ಹೊತ್ತಿಗೆ ವಾರಗಿತ್ತಿ ಬಂದಳು, ಬಾಟಲಿಗಳನ್ನಿಟ್ಟಳು, ಮಗುವನ್ನು ನೀಡಿದಳು. 

"ನಿಧಾನವಾಗಿ ಹೋಗಿ ಬಾ" ಎಂದಳು ಅಳತೆಯಮ್ಮ. "ನಾನಿದೀನಿ."

ವಾರಗಿತ್ತಿ ಚಪ್ಪಲಿ ಮೆಟ್ಟಿಕೊಂಡು, ಒಂದು ಕ್ಷಣ ಆಕೆಯ ಮುಖ ನೋಡಿ, ಹೂಂ ಎಂದು ಹೋದಳು.