ಗೋಡೆಗೆ ಮುಖ ಮಾಡಿ ಕೇಳಿದ ಗಿಟಾರು

ನನ್ನ ಗೆಳೆಯನಿಗೆ ಗಿಟಾರಿನಲ್ಲಿ ಹನ್ನೊಂದು ಸ್ವರ ನುಡಿಸಲು ಬರುತ್ತಿತ್ತು. ನಾನು ಕಂಡ ಹದಿನೆಂಟು ವರ್ಷವೂ ಅದೇ ಹನ್ನೊಂದು. ಹನ್ನೆರಡನೆಯದು ಯಾವಾಗ ಎಂದು ಕೇಳಿದರೆ, "ತಡಿಯೋ, ಮೊದಲು ಇಷ್ಟು ಸರಿಯಾಗಿ ಕೇಳಿಸಲಿ" ಎನ್ನುತ್ತಿದ್ದ.

ಎರಡು ತಿಂಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ತನ್ನ ಕನ್ನಡಕದ ಅಂಗಡಿಯ ಷಟರ್ ಅರ್ಧ ಎತ್ತಿದವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ. ಮತ್ತೆ ಏಳಲಿಲ್ಲ. ಐವತ್ತಾರು ವರ್ಷ ವಯಸ್ಸು. ಆ ಅರ್ಧ ಷಟರನ್ನು ಇಳಿಸಿ ಬೀಗ ಹಾಕಿದವನು ನಾನು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಗಿಟಾರಿನ ಬಗ್ಗೆ ಬರೆಯುತ್ತೇನೆ.

ಕನ್ನಡಕ ಮಾರುವವನೆಂದು ನಾವೆಲ್ಲ ಅವನನ್ನು ಚಾಳೀಸು ಎಂದೇ ಕರೆಯುತ್ತಿದ್ದೆವು. ಅವನ ಅಂಗಡಿಯ ಹಿಂದುಗಡೆಯ ಮುದ್ರಣಾಲಯದಲ್ಲಿ ನಾನು ಕರಡು ತಿದ್ದುವವನು. ಒತ್ತಕ್ಷರಗಳು ಒಂದರ ಮೇಲೊಂದು ಕುಣಿಯಲು ಶುರುವಾದಾಗ ಅವನ ಬಳಿ ಹೋದೆ. ಕತ್ತಲೆ ಕೋಣೆ, ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು, ಅದರೊಳಗೆ ಒಂದಾದ ಮೇಲೊಂದು ಗಾಜು ಇಳಿಸುತ್ತ, "ಮೊದಲನೇದು ಚೆನ್ನಾಗಿ ಕಾಣುತ್ತೋ, ಎರಡನೇದೋ?" ಎಂದು ಕೇಳುತ್ತಿದ್ದ. ಆತುರವೇ ಇರಲಿಲ್ಲ ಆ ಮನುಷ್ಯನಿಗೆ.

ಅಂದು ನನಗಿಂತ ಮುಂಚೆ ಕುಳಿತಿದ್ದವರು ನಿವೃತ್ತ ನ್ಯಾಯಾಧೀಶರು. ಪ್ರತಿ ಸಲವೂ "ಎರಡನೆಯದು, ನಿಸ್ಸಂಶಯವಾಗಿ ಎರಡನೆಯದು" ಎಂದು ತೀರ್ಪು ಕೊಡುತ್ತಿದ್ದರು. ಅವರು ಹೋದ ಮೇಲೆ ಚಾಳೀಸು ನಕ್ಕ.

"ಕೊನೇ ಮೂರು ಸಲ ಒಂದೇ ಗಾಜು ತೆಗೆದು ಅದನ್ನೇ ಹಾಕಿದೆ ಸಾರ್. ಯಾವಾಗಲೂ ಎರಡನೇದು ಅನ್ನೋವರಿಗೆ ಹಾಗೇ ಮಾಡೋದು."

"ಅಂದರೆ ಸುಳ್ಳು ಹೇಳ್ತಾರಾ?"

"ಛೆ, ಸುಳ್ಳಲ್ಲ. ನಾನು ಇಷ್ಟು ಕಷ್ಟಪಟ್ಟು ಬದಲಾಯಿಸ್ತಿದೀನಲ್ಲ, ಬೇಜಾರಾಗಬಾರದು ಅಂತ. ಅದು ಮರ್ಯಾದೆ. ಅವರಿಗೆ ಹೇಳಬಾರದು, ನಾವು ತಿಳ್ಕೊಂಡಿರಬೇಕು ಅಷ್ಟೇ."

ಈ ಮಾತನ್ನು ನಾನು ಆಗಲೇ ನೆನಪಿನಲ್ಲಿಟ್ಟುಕೊಳ್ಳಬೇಕಿತ್ತು.

ಹತ್ತಿರವಾದ ಮೇಲೆ ತನ್ನ ಹುಚ್ಚಿನ ಮೂಲವನ್ನು ಹೇಳಿದ. ಇಪ್ಪತ್ತರ ವಯಸ್ಸಿನಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದನಂತೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಯಾವುದೋ ಮಹಡಿಯ ಕಿಟಕಿಯಿಂದ ಎಲೆಕ್ಟ್ರಿಕ್ ಗಿಟಾರಿನ ದನಿ. ಹನ್ನೊಂದು ಸ್ವರ. ಅಷ್ಟರಲ್ಲಿ ದೀಪ ಹಸಿರಾಯಿತು. "ಆ ಡ್ರೈವರ್ ಒಂದೇ ಒಂದು ಕ್ಷಣ ಕಾದಿದ್ದರೆ!" ಎಂದು ಮೂವತ್ತಾರು ವರ್ಷ ಕಳೆದರೂ ಹಲ್ಲು ಕಡಿಯುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಹಾಡಲ್ಲ, ಆ ದನಿ. ಟೋನ್ ಎನ್ನುತ್ತಿದ್ದ. ನುಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು, ಟೋನ್ ಮಾತ್ರ ಹುಡುಕಿ ತರಬೇಕಾದದ್ದು ಎಂಬುದು ಅವನ ವಾದ.

ಹುಡುಕಾಟ ಎಂದರೆ ಎಂಥದ್ದು! ಕಾಲಲ್ಲಿ ಒತ್ತುವ ಒಂದು ಪುಟ್ಟ ತಗಡಿನ ಪೆಟ್ಟಿಗೆಯಿತ್ತು, ದನಿಯನ್ನು ಗರಗರ ಮಾಡುವುದಕ್ಕೆ. ಅದಕ್ಕೆ ಹೊಸ ಬ್ಯಾಟರಿ ಹಾಕಿದರೆ ದನಿ ಒರಟಾಗುತ್ತದಂತೆ, ಪೂರ್ತಿ ಸತ್ತದ್ದು ಹಾಕಿದರೆ ಮೂಕವಾಗುತ್ತದಂತೆ. ಮುಕ್ಕಾಲು ಸತ್ತ ಬ್ಯಾಟರಿಯೇ ಬೇಕು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಕರೆಂಟು ಅಳೆಯುವ ತನ್ನ ಮೀಟರಿನಿಂದ ತೆಗೆದು ಬಿಸಾಡಿದ್ದನ್ನು ಇವನು ಭಕ್ತಿಯಿಂದ ತಂದು, ನಾಲಿಗೆಯ ತುದಿಗೆ ತಾಗಿಸಿ, ಕಣ್ಣು ಮುಚ್ಚಿ, "ಇನ್ನೊಂದು ವಾರ ಮಾಗಬೇಕು" ಎಂದು ಕಪಾಟಿನಲ್ಲಿಡುತ್ತಿದ್ದ. ಗಿಟಾರಿನಿಂದ ಸ್ಪೀಕರಿಗೆ ಹೋಗುವ ಕೇಬಲ್ ಸುರುಳಿ ಸುತ್ತಿದ್ದರೆ ದನಿಗೆ ತಲೆಸುತ್ತು ಬರುತ್ತದೆಂದು ಅದನ್ನು ಹಜಾರದ ಉದ್ದಕ್ಕೂ ನೇರವಾಗಿ ಚಾಚಿಡುತ್ತಿದ್ದ. ಅತ್ತಿಗೆ, ಅಂದರೆ ಅವನ ಹೆಂಡತಿ, ಅಡುಗೆಮನೆಯಿಂದ ತಟ್ಟೆ ಹಿಡಿದು ಬರುವಾಗ ಅದನ್ನು ದಾಟಿ ದಾಟಿ ನಡಿಗೆಯನ್ನೇ ಬದಲಾಯಿಸಿಕೊಂಡಿದ್ದರು.

ಮೊದಲ ಕೆಂಪು ಗಿಟಾರು ತಂದಾಗ ಅವನು ಅತ್ತಿಗೆಗೆ ಮಾತು ಕೊಟ್ಟಿದ್ದ. "ಇದೇ ಕೊನೆ ಕಣೇ. ಇನ್ನೊಂದು ಗಿಟಾರು ಅಂತ ಬಾಯಿಬಿಟ್ಟರೆ ಕೇಳು." ಮಾತಿಗೆ ತಪ್ಪಲಿಲ್ಲ. ಬಾಯಿಬಿಡಲೇ ಇಲ್ಲ. ಆಮೇಲೆ ತಂದ ಆರು ಗಿಟಾರುಗಳೂ ಅದೇ ಆಕಾರದವು, ಅದೇ ಕೆಂಪಿನವು. ಹಳೆಯದನ್ನು ವಾದ್ಯದಂಗಡಿಗೆ ಕೊಟ್ಟು ಹೊಸದನ್ನು ಅದೇ ಚೀಲದಲ್ಲಿ ಹಾಕಿಕೊಂಡು, ಅದೇ ಮೊಳೆಗೆ ತಗುಲಿಹಾಕುತ್ತಿದ್ದ. ಒಮ್ಮೆ ಮಾತ್ರ ಬಣ್ಣ ಹೊಂದಲಿಲ್ಲ. ಅಂದು ನಾನೂ ಅಲ್ಲೇ ಕುಳಿತಿದ್ದೆ.

"ರೀ, ಇದು ಯಾಕೋ ಬೇರೆ ಥರ ಕಾಣುತ್ತಲ್ಲ?" ಎಂದರು ಅತ್ತಿಗೆ.

"ಯಾವ ಥರ? ಅದೇ ಕೆಂಪು."

"ಕೆಂಪಲ್ಲ ರೀ, ಬೀಟ್‌ರೂಟ್ ಥರ ಇದೆ."

ಚಾಳೀಸು ಗಂಭೀರನಾದ. "ನಿನ್ನ ಕಣ್ಣು ನೋಡಬೇಕು ಕಣೇ. ನಾಳೆ ಅಂಗಡಿಗೆ ಬಾ."

ಬಂದರು. ಅರ್ಧ ಗಂಟೆ ಕತ್ತಲೆ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಮೂರನೆಯ ದಿನ ಅತ್ತಿಗೆಗೆ ಚಂದದ ಕಂದು ಚೌಕಟ್ಟಿನ ಕನ್ನಡಕ ಬಂತು. ಅದರಲ್ಲಿದ್ದದ್ದು ಬರೀ ಗಾಜು, ನಂಬರೇ ಇರಲಿಲ್ಲ. "ಪಾಪ, ಅವಳ ಕಣ್ಣು ಹದ್ದಿನ ಕಣ್ಣು ಕಣೋ" ಎಂದು ನನ್ನ ಬಳಿ ಪಶ್ಚಾತ್ತಾಪ ಪಟ್ಟ. ಅತ್ತಿಗೆ ಅದನ್ನು ಹಾಕಿಕೊಂಡು ಗಿಟಾರನ್ನು ನೋಡಿ, "ಹೌದು ರೀ, ಈಗ ಕೆಂಪಾಯ್ತು" ಎಂದರು.

ಇನ್ನು ನನ್ನ ಪಾಲಿನ ಕಥೆ. ಕರಡಿನಲ್ಲಿ ಒಂದು ಸೊನ್ನೆ ಬಿಟ್ಟುಹೋದರೂ ಹಿಡಿಯುವವನು ನಾನು, ಹಾಗಾಗಿ ನನ್ನ ಕಿವಿಯೂ ಅಷ್ಟೇ ಚುರುಕಿರಬೇಕು ಎಂದು ಚಾಳೀಸು ತೀರ್ಮಾನಿಸಿಬಿಟ್ಟಿದ್ದ. ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ವಾದ್ಯದಂಗಡಿ. ಅದರ ಯಜಮಾನರು ಗೋಡೆಗೆ ಒಂದು ಫಲಕ ಹಾಕಿದ್ದರು: "ಗಿಟಾರು ಕೈಗೆ ಸಿಕ್ಕೊಡನೆ ಎಲ್ಲರೂ ನುಡಿಸುವ ಆ ತುಣುಕನ್ನು ದಯವಿಟ್ಟು ಇಲ್ಲಿ ನುಡಿಸಬೇಡಿ." ಚಾಳೀಸುವಿನ ಹನ್ನೊಂದು ಸ್ವರ ಜಗತ್ತಿನಲ್ಲಿ ಯಾರೂ ನುಡಿಸದವಾದ್ದರಿಂದ ಅಡ್ಡಿಯಿರಲಿಲ್ಲ.

ಅಲ್ಲಿ ನನ್ನನ್ನು ಒಂದು ಸ್ಟೂಲಿನ ಮೇಲೆ, ಆ ಫಲಕದ ಕಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದ. ಗಿಟಾರು ಕಣ್ಣಿಗೆ ಬಿದ್ದರೆ ಕಿವಿ ಕೆಡುತ್ತದಂತೆ. ಹಿಂದಿನಿಂದ ಹನ್ನೊಂದು ಸ್ವರ ಬರುತ್ತಿದ್ದವು. ಆಮೇಲೆ ವೈರು ಕಿತ್ತು ಸಿಕ್ಕಿಸುವ ಸದ್ದು. ಮತ್ತೆ ಹನ್ನೊಂದು.

"ಮೊದಲನೇದೋ, ಎರಡನೇದೋ?"

ನಿಜ ಹೇಳುತ್ತೇನೆ: ನನಗೆ ಎರಡೂ ಒಂದೇ. ಯಾವತ್ತೂ ಒಂದೇ. ಆದರೆ ಆ ಮೊದಲ ದಿನ ಅವನ ದನಿಯಲ್ಲಿದ್ದ ಆಸೆಯನ್ನು ಕೇಳಿ, "ಎರಡನೇದು" ಎಂದುಬಿಟ್ಟೆ.

"ಯಾಕೆ?"

ಅದಕ್ಕೇನು ಹೇಳುವುದು? ಅಂದು ತಿದ್ದಿದ್ದ ವಿಮರ್ಶೆಯ ಪುಸ್ತಕ ನೆನಪಿಗೆ ಬಂತು. "ಮೊದಲನೇದರಲ್ಲಿ ವಾಚ್ಯತೆ ಜಾಸ್ತಿ. ಎರಡನೇದರಲ್ಲಿ ಸಂಯಮ ಇದೆ."

ಚಾಳೀಸು ಮೈಮರೆತ. "ಕೇಳಿದ್ರಾ ಯಜಮಾನ್ರೇ? ಸಂಯಮ!"

ಯಜಮಾನರು ಲೆಕ್ಕವಿಲ್ಲದಷ್ಟು ಗಿರಾಕಿಗಳನ್ನು ಕಂಡವರು. "ಸರ್, ನೀವು ಗಿಟಾರು ಕೊಳ್ಳೋಕೆ ಬರ್ತೀರೋ, ಅದಕ್ಕೆ ಕನ್ನಡಕ ಹಾಕಿಸೋಕೆ ಬರ್ತೀರೋ?" ಎಂದರು.

ಅಂದಿನಿಂದ ಆರು ಗಿಟಾರಿಗೂ ನಾನೇ ಪರೀಕ್ಷಕ. ಆರು ಸಲವೂ ಎರಡನೆಯದೇ ಗೆದ್ದಿತು. ಧ್ವನಿಪೂರ್ಣ, ಅಂತರ್ಮುಖಿ, ಅನುಭವನಿಷ್ಠ, ಹೀಗೆ ಮುದ್ರಣಾಲಯದ ಪದಗಳೆಲ್ಲ ಖರ್ಚಾದವು. ಹೊಸ ಗಿಟಾರು ತಂದ ಹೊಸದರಲ್ಲಿ ಚಾಳೀಸು ಹಿಗ್ಗುತ್ತಿದ್ದ, ಎರಡು-ಮೂರು ವರ್ಷಕ್ಕೆ ಮತ್ತೆ ಹುಡುಕಾಟ. ಆಗೆಲ್ಲ ನನಗೆ ಚುಚ್ಚುತ್ತಿತ್ತು. ಅವನಿಗೆ ಬೇಕಾದ ದನಿ ಯಾವುದೋ ಒಂದು ಸಲ ಮೊದಲನೆಯದಾಗಿ ಬಂದಿದ್ದರೆ? ನಾನೇ ಅದನ್ನು ಬೇಡವೆಂದು ಕಳಿಸಿಬಿಟ್ಟಿದ್ದರೆ? ಹೇಳಿಬಿಡಬೇಕು ಎಂದುಕೊಳ್ಳುವುದು, ಅವನ ಮುಖ ನೋಡಿ ಸುಮ್ಮನಾಗುವುದು. ಹದಿನೆಂಟು ವರ್ಷ ಹೀಗೇ ಕಳೆಯಿತು.

ಅವನು ಹೋಗುವ ಮುಂಚಿನ ಶನಿವಾರ ವಾದ್ಯದಂಗಡಿಗೆ ಕರೆದ. ತುರ್ತು ಕರಡು ಇದೆ ಎಂದೆ. "ನೀನಿಲ್ಲದೆ ಹೇಗೋ ಆರಿಸೋದು? ಎರಡನ್ನೂ ಇಟ್ಕೊಂಡಿರ್ತೀನಿ, ಸೋಮವಾರ ಸಾಯಂಕಾಲ ಬಂದು ಹೇಳು" ಎಂದ. ಹೊಸದನ್ನು ಮನೆಯ ಮೊಳೆಗೆ ಹಾಕಿ, ಹಳೆಯದನ್ನು ತನ್ನ ಅಂಗಡಿಯಲ್ಲಿ, ಕಣ್ಣು ಪರೀಕ್ಷಿಸುವ ಅಕ್ಷರಗಳ ಫಲಕದ ಹಿಂದೆ ಬಚ್ಚಿಟ್ಟ. ಸೋಮವಾರದ ಸಾಯಂಕಾಲ ಅವನ ಪಾಲಿಗೆ ಬರಲಿಲ್ಲ.

ಹೋದ ವಾರ ಅಂಗಡಿ ಖಾಲಿ ಮಾಡಿದಾಗ ಹಳೆಯದೂ ಮನೆಗೆ ಬಂತು. ಅತ್ತಿಗೆ ಫೋನ್ ಮಾಡಿದರು. "ಇವರೇ, ಭಾನುವಾರ ಬನ್ನಿ. ವಾದ್ಯದಂಗಡಿಯವರು ಬರ್ತಾರೆ. ಒಂದನ್ನ ಅವರಿಗೆ ಕೊಡಬೇಕಂತೆ, ಒಂದು ನಮಗಂತೆ. ಯಾವುದು ಉಳಿಬೇಕು ಅಂತ ನೀವೇ ಹೇಳಬೇಕು."

ಮೂರು ರಾತ್ರಿ ನಿದ್ದೆ ಬರಲಿಲ್ಲ. ಅವನು ಬದುಕಿದ್ದಾಗ ತಪ್ಪು ಗಿಟಾರು ಬಂದರೆ ಬದಲಾಯಿಸಬಹುದಿತ್ತು. ಈಗ ಹೋದದ್ದು ಹೋದಂತೆಯೇ.

ಭಾನುವಾರ ಹೋದಾಗ ಎರಡು ಕೆಂಪು ಗಿಟಾರುಗಳು ಸೋಫಾದ ಮೇಲೆ ಅಕ್ಕಪಕ್ಕ ಮಲಗಿದ್ದವು. ಕೇಬಲ್ ಹಜಾರದ ಉದ್ದಕ್ಕೂ ನೇರವಾಗಿ ಚಾಚಿತ್ತು. ಅತ್ತಿಗೆಯೇ ಹಾಗೆ ಇಟ್ಟಿದ್ದರು. ಯಜಮಾನರು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ಸ್ಟೂಲು ಗೋಡೆಯ ಕಡೆಗೆ ತಿರುಗಿ ಕಾಯುತ್ತಿತ್ತು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನನ್ನನ್ನ ಕೇಳಬೇಡಿ. ನನಗೆ ಒಂದೂ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ. ಹದಿನೆಂಟು ವರ್ಷ ಬಾಯಿಗೆ ಬಂದ ಹಾಗೆ ಎರಡನೇದು, ಎರಡನೇದು ಅಂತ ಹೇಳ್ಕೊಂಡು ಬಂದೆ."

ಯಜಮಾನರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು.

"ಸರ್, ಅದು ಅವರಿಗೆ ಮೊದಲ ದಿನವೇ ಗೊತ್ತಿತ್ತು!"

"ಏನು ಗೊತ್ತಿತ್ತು?"

"ಆವತ್ತು ನಿಮ್ಮ ಬೆನ್ನ ಹಿಂದೆ ಒಂದೇ ಗಿಟಾರನ್ನ ಎರಡು ಸಲ ನುಡಿಸಿದ್ರು. ವೈರು ಕಿತ್ತು ಅದಕ್ಕೇ ಸಿಕ್ಕಿಸಿದ್ರು. ನೀವು ಸಂಯಮ ಅಂದ್ರಿ. ನಾನು ನಗೋಕೆ ಹೋದೆ, ಕಣ್ಣು ಕೆಂಪಗೆ ಮಾಡಿ ನೋಡಿದ್ರು. ಆಮೇಲಿಂದ ತಮಗೆ ಬೇಕಾದ್ದನ್ನ ಯಾವಾಗಲೂ ಎರಡನೇದಾಗಿ ನುಡಿಸೋರು."

"ಮತ್ತೆ ನನ್ನನ್ನ ಯಾಕೆ ಕರ್ಕೊಂಡು ಬರ್ತಿದ್ದ?"

"ನಾನೂ ಕೇಳಿದೀನಿ ಸರ್. 'ಅವನು ಹೂಂ ಅನ್ನದೆ ನನಗೆ ಧೈರ್ಯ ಬರಲ್ಲ ಯಜಮಾನ್ರೇ' ಅಂದ್ರು."

ನಾನು ಸ್ಟೂಲಿನ ಮೇಲೆ ಕುಳಿತೆ. ನ್ಯಾಯಾಧೀಶರ ಪಕ್ಕದಲ್ಲಿ ನನ್ನನ್ನೂ ಕೂರಿಸಿದ್ದ ಆ ಮಹಾನುಭಾವ. ಹದಿನೆಂಟು ವರ್ಷ ನನ್ನ ಮರ್ಯಾದೆ ಕಾಪಾಡಿದ್ದ.

ಯಜಮಾನರು ಒಮ್ಮೆಲೇ ನಾಲಿಗೆ ಕಚ್ಚಿಕೊಂಡು ಅತ್ತಿಗೆಯ ಕಡೆ ನೋಡಿದರು. "ಅಮ್ಮಾ, ಅಂದರೆ... ಗಿಟಾರು ಅಷ್ಟೊಂದೇನೂ..."

"ಏಳು" ಎಂದರು ಅತ್ತಿಗೆ. "ಎರಡನೇದು ಗಂಟಲು ಕಟ್ಟಿದ ಹಾಗಿತ್ತು. ನಾಲ್ಕನೇದು ಪಾತ್ರೆ ಉಜ್ಜಿದ ಹಾಗೆ. ಬೀಟ್‌ರೂಟು ಚೆನ್ನಾಗಿತ್ತು, ಅದನ್ನ ಯಾಕೆ ಕೊಟ್ಟರೋ. ಅಡುಗೆಮನೆಯಲ್ಲಿ ಇರೋಳಿಗೆ ಗೊತ್ತಾಗಲ್ವಾ? ಈ ಕನ್ನಡಕದಲ್ಲಿ ನಂಬರಿಲ್ಲ ಅಂತಲೂ ಗೊತ್ತು. ಚೌಕಟ್ಟು ಚೆನ್ನಾಗಿದೆ ಅಂತ ಹಾಕ್ಕೊಂಡೆ."

ಹದಿನೆಂಟು ವರ್ಷ ಅವನು ಹುಡುಕಿದ ಕಿವಿ ಗೋಡೆಯ ಆಚೆಗೇ ಇತ್ತು.

"ಹಾಗಾದರೆ ಯಾವುದು ಉಳಿಬೇಕು ಅಂತ ನಿಮಗೇ ಗೊತ್ತಿರಬೇಕಲ್ಲ?" ಎಂದೆ.

"ಗೊತ್ತು. ಗಿಟಾರು ಮನಸ್ಸಿಗೆ ಬಂದರೆ ನುಡಿಸಿದ ತಕ್ಷಣ ಅಡುಗೆಮನೆ ಬಾಗಿಲಿಗೆ ಬಂದು 'ಟೀ ಇದೆಯಾ?' ಅನ್ನೋರು. ಆ ಭಾನುವಾರ ಹೊಸದನ್ನ ಒಂದು ಗಂಟೆ ನುಡಿಸಿದ್ರು. ಬರಲಿಲ್ಲ. ನಾನೇ ಟೀ ತಂದುಕೊಟ್ಟೆ, ಆರಿಹೋಯ್ತು." ಅತ್ತಿಗೆ ಗಿಟಾರುಗಳ ಬಳಿ ಹೋಗಿ ನಿಂತರು. "ಆದರೆ ನಿಮ್ಮನ್ನ ಕೇಳದೆ ಅವರು ಯಾವುದನ್ನೂ ಇಟ್ಟುಕೊಂಡವರಲ್ಲ. ತಿರುಗಿ ಕೂತ್ಕೊಳ್ಳಿ."

ಗೋಡೆಗೆ ಮುಖ ಮಾಡಿ ಕುಳಿತೆ. ಗೋಡೆಯಲ್ಲಿ ಆ ಮೊಳೆ. ಹಿಂದೆ ಅತ್ತಿಗೆ ಗಿಟಾರು ಎತ್ತಿಕೊಟ್ಟದ್ದು, ಯಜಮಾನರು ವೈರು ಸಿಕ್ಕಿಸಿದ್ದು ಕೇಳಿಸಿತು. ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿತ್ತು: ಹನ್ನೊಂದು ಸ್ವರ. ವೈರು ಕಿತ್ತ ಸದ್ದು. ಮತ್ತೆ ಹನ್ನೊಂದು. ಅಲ್ಲಿಗೆ ನಿಂತಿತು, ಎಂದಿನ ಹಾಗೆ.

"ಮೊದಲನೇದೋ, ಎರಡನೇದೋ?" ಅತ್ತಿಗೆಯ ದನಿ.

"ಎರಡನೇದು."

"ಯಾಕೆ?"

ಪದಗಳು ಸಿದ್ಧವಾಗಿದ್ದವು. ಸಂಯಮ ಎನ್ನಲು ಬಾಯಿ ತೆರೆದೆ. ಬೇರೆಯೇ ಬಂತು.

"ಟೀ ಇದೆಯಾ ಅತ್ತಿಗೆ?"

ಆಮೇಲೆ, ಹಜಾರದ ಉದ್ದಕ್ಕೂ ಚಾಚಿದ್ದ ಕೇಬಲ್ಲನ್ನು ದಾಟಿ ಅಡುಗೆಮನೆಯ ಕಡೆಗೆ ಹೋದ ಹೆಜ್ಜೆಯ ಸದ್ದು ಕೇಳಿಸಿತು. ಯಜಮಾನರು ಮೊದಲನೆಯ ಗಿಟಾರನ್ನು, ಆ ಹೊಸದನ್ನು, ಚೀಲಕ್ಕೆ ಹಾಕಿ ಜಿಪ್ ಎಳೆದರು. ಎರಡನೆಯದನ್ನು ನಾನೇ ಎತ್ತಿ ಮೊಳೆಗೆ ತಗುಲಿಹಾಕಿದೆ.